ಬೇಡದ ಹೆಸರಿಗೆ ಗೀಟು



ನಮ್ಮ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆ ವರ್ಷದ ನವೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಹದಿನೆಂಟು ತುಂಬಿದವರು ಮೊದಲ ಸಲ ಮತಗಟ್ಟೆಗೆ ಹೋದರು. ನಿಮ್ಮಲ್ಲಿ ಕೆಲವರ ತಂದೆ ತಾಯಂದಿರೂ ಆ ಸಾಲಿನಲ್ಲಿ ನಿಂತಿದ್ದಿರಬಹುದು, ಕೇಳಿ ನೋಡಿ. ನಾನು ಈ ಸಲ ಹೇಳಹೊರಟಿರುವುದು ಅದಕ್ಕೆ ಐದು ತಿಂಗಳು ಮೊದಲು, ಜೂನ್ 4ರಂದು, ಪೋಲೆಂಡಿನಲ್ಲಿ ನಡೆದ ಚುನಾವಣೆಯ ಕಥೆ. "ಎಲ್ಲ ಮೊದಲೇ ತೀರ್ಮಾನವಾಗಿರುತ್ತೆ, ನಾನೊಬ್ಬ ಹೋಗಿ ಏನಾಗಬೇಕು?" ಅಂತ ನೀವು ಅನ್ನುತ್ತೀರಲ್ಲ, ಅಲ್ಲಿ ನಿಜವಾಗಿಯೂ ಮೊದಲೇ ತೀರ್ಮಾನವಾಗಿತ್ತು. ಅದೂ ಬರಹದಲ್ಲಿ, ಲೆಕ್ಕ ಸಮೇತ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1980ರಲ್ಲಿ ಗ್ಡಾನ್ಸ್ಕ್ ಬಂದರಿನ ಹಡಗುಕಟ್ಟೆಯ ಮುಷ್ಕರದಿಂದ 'ಸಾಲಿಡಾರಿಟಿ' ಎಂಬ ಕಾರ್ಮಿಕ ಸಂಘ ಹುಟ್ಟಿತು. ಅದರ ನಾಯಕ ಲೆಕ್ ವಲೇಸಾ ಎಂಬ ಎಲೆಕ್ಟ್ರಿಷಿಯನ್. 1981ರ ಡಿಸೆಂಬರ್‌ನಲ್ಲಿ ಜನರಲ್ ಯಾರುಜೆಲ್‌ಸ್ಕಿ ಸೇನಾಡಳಿತ ಹೇರಿ ಸಾವಿರಾರು ಜನರನ್ನು ಬಂಧಿಸಿದರು. ಆದರೆ ಬೆಲೆಯೇರಿಕೆಯನ್ನು ಬಂಧಿಸಲು ಬರುತ್ತದೆಯೇ? 1988ರಲ್ಲಿ ಮತ್ತೆ ಮುಷ್ಕರಗಳಾದವು. ಕೊನೆಗೆ 1989ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎರಡೂ ಕಡೆಯವರು ದುಂಡುಮೇಜಿನ ಸುತ್ತ ಕೂತು ಮಾತಾಡಿದರು.

ಆದ ಒಪ್ಪಂದ ಕೇಳಿ. ಕೆಳಮನೆಯ 460 ಸ್ಥಾನಗಳಲ್ಲಿ 299, ಅಂದರೆ ನೂರಕ್ಕೆ ಅರವತ್ತೈದು, ಕಮ್ಯುನಿಸ್ಟ್ ಪಕ್ಷಕ್ಕೂ ಅದರ ಜೊತೆಗಾರರಿಗೂ ಮೀಸಲು. ಉಳಿದ 161ಕ್ಕೆ ಮಾತ್ರ ಯಾರು ಬೇಕಾದರೂ ನಿಲ್ಲಬಹುದು. ಹೊಸದಾಗಿ ಹುಟ್ಟುಹಾಕಿದ ಮೇಲ್ಮನೆ, ಅಂದರೆ ಸೆನೆಟ್‌ನ 100 ಸ್ಥಾನಗಳಿಗೆ ಮುಕ್ತ ಸ್ಪರ್ಧೆ. ಗೆದ್ದರೂ ಸರ್ಕಾರ ನಿಮ್ಮದಾಗದು ಎಂದು ಮೊದಲೇ ಹೇಳಿ ಆಟಕ್ಕೆ ಕರೆದಂತೆ. ಇಂಥ ಚುನಾವಣೆಯನ್ನು ಬಹಿಷ್ಕರಿಸಿ ಎಂದ ವಿರೋಧಿ ಬಣಗಳೂ ಇದ್ದವು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೂ ಸಾಲಿಡಾರಿಟಿ ಕಣಕ್ಕಿಳಿಯಿತು. ಪ್ರಚಾರಕ್ಕೆ ಎರಡು ತಿಂಗಳೂ ಇರಲಿಲ್ಲ. ಅಭ್ಯರ್ಥಿಗಳನ್ನು ಒಬ್ಬೊಬ್ಬರಾಗಿ ವಲೇಸಾ ಪಕ್ಕ ನಿಲ್ಲಿಸಿ ಫೋಟೋ ತೆಗೆದರು, ಅದೇ ಪೋಸ್ಟರ್! ಇನ್ನೊಂದು ಪೋಸ್ಟರ್ ಮಾಡಿದವನು ಕಲಾಶಾಲೆಯ ವಿದ್ಯಾರ್ಥಿ: 'ಹೈ ನೂನ್' ಚಿತ್ರದ ಗ್ಯಾರಿ ಕೂಪರ್ ನಡೆದು ಬರುತ್ತಿದ್ದಾನೆ, ಕೈಯಲ್ಲಿ ಪಿಸ್ತೂಲಿನ ಬದಲು ಮತಚೀಟಿ, ಎದೆಯ ಮೇಲೆ ಸಾಲಿಡಾರಿಟಿ ಬಿಲ್ಲೆ.

ಈಗ ಸ್ವಾರಸ್ಯದ ಭಾಗ. ನಮ್ಮಲ್ಲಿ ಬೇಕಾದವರನ್ನು ಆರಿಸಿ ಗುರುತು ಹಾಕುತ್ತೇವೆ, ಈಗ ಗುಂಡಿ ಒತ್ತುತ್ತೇವೆ. ಅಲ್ಲಿ ಬೇಡದ ಹೆಸರುಗಳ ಮೇಲೆ ಗೀಟೆಳೆಯಬೇಕು. ಹಳೆಯ ಚುನಾವಣೆಗಳಲ್ಲಿ ಕೊಟ್ಟ ಚೀಟಿಯನ್ನು ಹಾಗೇ ಪೆಟ್ಟಿಗೆಗೆ ಹಾಕಿದರೆ ಪಕ್ಷ ಬಯಸಿದಂತೆಯೇ ಮತ ಬಿದ್ದಂತೆ. ಪೆನ್ನು ಹಿಡಿದು ಪರದೆಯ ಹಿಂದೆ ಹೋದವನ ಮೇಲೆ ಎಲ್ಲರ ಕಣ್ಣು! ಈ ಸಲ ಜನ ಹೋದರು. ಮಂತ್ರಿಗಳೂ ಹಿರಿಯ ನಾಯಕರೂ ಇದ್ದ 35 ಹೆಸರುಗಳ 'ರಾಷ್ಟ್ರೀಯ ಪಟ್ಟಿ' ಒಂದಿತ್ತು. ಅವರಿಗೆ ಎದುರಾಳಿಗಳೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಕು. ಅಷ್ಟೂ ಬಾರದೆ 33 ಜನ ಸೋತರು. ಪ್ರಧಾನಿ ರಕೋವ್‌ಸ್ಕಿಯವರೂ ಸೋತರು. ಎದುರಾಳಿ ಇಲ್ಲದೆ ಸೋಲುವುದು ಅಂದರೆ ಸಾಮಾನ್ಯವೇ? ಪಟ್ಟಿಯವರು ಸೋತರೆ ಏನು ಮಾಡಬೇಕೆಂದು ಕಾನೂನಿನಲ್ಲಿ ಬರೆದೇ ಇರಲಿಲ್ಲ. ಅಂಥದ್ದು ನಡೆದೀತೆಂದು ಬರೆದವರಿಗೆ ಹೊಳೆದಿರಲಿಲ್ಲ.

ಎರಡನೇ ಸುತ್ತು ಮುಗಿದಾಗ ಸಾಲಿಡಾರಿಟಿಗೆ ಸಿಕ್ಕಿದ್ದು ಕೆಳಮನೆಯಲ್ಲಿ 161ಕ್ಕೆ 161, ಸೆನೆಟ್‌ನಲ್ಲಿ 100ಕ್ಕೆ 99. ಹಾಗೆಂದು ಇಡೀ ದೇಶ ಎದ್ದು ಬಂದಿತೆಂದುಕೊಳ್ಳಬೇಡಿ. ಮೊದಲ ಸುತ್ತಿನಲ್ಲಿ ಮತ ಹಾಕಿದವರು ಸುಮಾರು ಶೇ. 62 ಮಾತ್ರ.

ಅದೇ ಜೂನ್ 4ರಂದು ಬೀಜಿಂಗಿನಲ್ಲಿ ಸೇನೆ ತನ್ನದೇ ಜನರ ಮೇಲೆ ಗುಂಡು ಹಾರಿಸಿತ್ತು. ಪೋಲೆಂಡಿನ ನೆಲದ ಮೇಲೆ ಸೋವಿಯತ್ ಪಡೆಗಳು ಇನ್ನೂ ಇದ್ದವು. ಹಾಗಾಗಿ ಗೆದ್ದವರು ಮೆರವಣಿಗೆ ಹೊರಡಿಸಲಿಲ್ಲ. ಸೋತ 33 ಸ್ಥಾನಗಳನ್ನು ಎರಡನೇ ಸುತ್ತಿನಲ್ಲಿ ಆಳುವ ಕಡೆಯವರೇ ತುಂಬಿಕೊಳ್ಳುವಂತೆ ನಿಯಮ ಬದಲಿಸಲು ಒಪ್ಪಿಕೊಂಡರು. ಜುಲೈ 19ರಂದು ಯಾರುಜೆಲ್‌ಸ್ಕಿ ಅಧ್ಯಕ್ಷರಾಗಿ ಆರಿಸಿಬಂದದ್ದು ಬೇಕಿದ್ದ ಬಹುಮತಕ್ಕಿಂತ ಒಂದೇ ಮತ ಹೆಚ್ಚು ಪಡೆದು. ಅದಕ್ಕೂ ಸಾಲಿಡಾರಿಟಿಯ ಕೆಲವು ಸದಸ್ಯರು ಬೇಕೆಂದೇ ದಾರಿ ಬಿಟ್ಟಿದ್ದರು. ಇದು ಶರಣಾಗತಿ ಎಂದು ಇಂದಿಗೂ ಬೈಯುವವರು ಅಲ್ಲಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೊಟ್ಟ ಮಾತಿಗೆ ನಿಂತದ್ದರಿಂದಲೇ ಎದುರಿನವರಿಗೆ ಕೋವಿ ಎತ್ತಲು ನೆಪ ಸಿಗಲಿಲ್ಲ. ಅಷ್ಟರಲ್ಲಿ ಮೀಸಲು ಸ್ಥಾನಗಳ ಲೆಕ್ಕವೂ ಕುಸಿಯಿತು. ಕಮ್ಯುನಿಸ್ಟರ ಜೊತೆಗಿದ್ದ ಎರಡು ಚಿಕ್ಕ ಪಕ್ಷಗಳು, 76 ಮತ್ತು 27 ಸ್ಥಾನಗಳವು, ಈ ಕಡೆಗೆ ವಾಲಿದವು. ನೀವೇ ಕೂಡಿಸಿ ನೋಡಿ: 161ರ ಜೊತೆ 103, ಒಟ್ಟು 264. ಆಗಸ್ಟ್ 24ರಂದು ಸಾಲಿಡಾರಿಟಿಯ ತಾದೆಯುಷ್ ಮಜೊವಿಯೆಟ್‌ಸ್ಕಿ ಪ್ರಧಾನಿಯಾದರು. ಬರ್ಲಿನ್ ಗೋಡೆ ಬೀಳಲು ಇನ್ನೂ ಎರಡೂವರೆ ತಿಂಗಳಿತ್ತು.

ಮುಂದೆ ಎಲ್ಲ ಸುಖವಾಗಿತ್ತು ಎಂದರೆ ಸುಳ್ಳಾದೀತು. 1991ರ ಪೂರ್ಣ ಮುಕ್ತ ಚುನಾವಣೆಯಲ್ಲಿ ಶೇ. 43ರಷ್ಟು ಜನ ಮಾತ್ರ ಮತ ಹಾಕಿದರು, 29 ಗುಂಪುಗಳು ಕೆಳಮನೆ ಸೇರಿದವು. ಅದರಲ್ಲೊಂದು ಬಿಯರ್ ಪ್ರಿಯರ ಪಕ್ಷ! ಅದಕ್ಕೂ 16 ಸ್ಥಾನ. ನಗಬೇಡಿ, ಅಂದು ಅತಿ ದೊಡ್ಡ ಪಕ್ಷಕ್ಕೇ ಬಂದದ್ದು 62. ಅಷ್ಟರಲ್ಲಿ ಕಾರ್ಖಾನೆಗಳು ಮುಚ್ಚಿದ್ದವು, ಕೆಲಸ ಹೋಗಿತ್ತು, ಜನ ಬೇಸತ್ತಿದ್ದರು. 1993ರಲ್ಲಿ ಹಳೆಯ ಕಮ್ಯುನಿಸ್ಟರ ಹೊಸ ಮೈತ್ರಿಕೂಟವೇ ಮೊದಲ ಸ್ಥಾನಕ್ಕೆ ಬಂತು. 1995ರಲ್ಲಿ ಅಧ್ಯಕ್ಷ ವಲೇಸಾ ಅವರನ್ನು ಸೋಲಿಸಿದ್ದು ಅಲೆಕ್ಸಾಂಡರ್ ಕ್ವಾಸ್ನಿಯೆವ್‌ಸ್ಕಿ. 1989ರ ದುಂಡುಮೇಜಿನಲ್ಲಿ ಸರ್ಕಾರದ ಕಡೆ ಕೂತಿದ್ದವರು ಅವರು. ಇನ್ನೊಮ್ಮೆ ಗೆದ್ದು, ಎರಡು ಅವಧಿ ಮುಗಿಸಿ, 2005ರಲ್ಲಿ ಕುರ್ಚಿ ಬಿಟ್ಟು ಮನೆಗೆ ಹೋದರು.