ತಾಯಿ ಕಾರ್ಡ್ ಬರೆಯುವಾಗ ಒಲೆಯ ವಿಚಾರವನ್ನೂ ಕೇಳಲಿ

ಇವರಿಗೆ: ಮಾನ್ಯ ಉಪವಿಭಾಗಾಧಿಕಾರಿಗಳು, ಮಧುಗಿರಿ
ಇವರಿಂದ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಾಗರಿಕರು
ವಿಷಯ: ಗರ್ಭಿಣಿಯರನ್ನು ಹೊಗೆ ಮತ್ತು ದೂಳಿನಿಂದ ಕಾಪಾಡುವ ಬಗ್ಗೆ

ಮಾನ್ಯರೇ,

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದೇ ಉಪವಿಭಾಗದ ಎಷ್ಟೋ ಮನೆಗಳಲ್ಲಿ ಇಂದಿಗೂ ಉರಿಯುವುದು ಜಾಲಿ ಸೌದೆ, ತೊಗರಿ ಕಡ್ಡಿ, ತೆಂಗಿನ ಗರಿ. ಗ್ಯಾಸ್ ಇರುವ ಮನೆಯಲ್ಲೂ ಬಚ್ಚಲ ಹಂಡೆಗೆ ಸೌದೆಯನ್ನೇ ಹಾಕುವುದುಂಟು. ಮುದ್ದೆಗೆ ಎಸರಿಟ್ಟು ಒಲೆ ಊದುವವಳು ತುಂಬು ಬಸುರಿಯಾದರೆ ಆ ಹೊಗೆಯಲ್ಲಿ ಮಗುವಿಗೂ ಪಾಲು.

ಇದು ಬರಿಯ ಮಾತಲ್ಲ. ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೆ ಇಳಿಯುತ್ತವೆ. ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಮಾಸಿನ ಒಳಬದಿಯಲ್ಲೇ, ಅಂದರೆ ಮಗುವಿನ ಕಡೆಯ ಭಾಗದಲ್ಲಿ, ಮಸಿಯ ಕಣಗಳನ್ನು ಕಂಡರು. ಸೌದೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ದೇಶದ ಗರ್ಭಿಣಿಯರಲ್ಲಿ ಶೇ. 52 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವ ತಾಯಿಗೆ ಈ ಅನಿಲ ಇನ್ನಷ್ಟು ಕೇಡು. ತಾಯಿಗೆ ರಕ್ತದೊತ್ತಡ ಏರುವುದು, 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು, ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುವುದು ಇವಕ್ಕೂ ಕೊಳಕು ಗಾಳಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಸಿಲಿಂಡರ್ ಕೊಟ್ಟೊಡನೆ ಎಲ್ಲ ಸರಿಹೋಗುತ್ತದೆಂದು ಈ ಮನವಿ ಹೇಳುತ್ತಿಲ್ಲ. ಭಾರತದ ತಮಿಳುನಾಡೂ ಸೇರಿದಂತೆ ನಾಲ್ಕು ದೇಶಗಳ ಊರುಗಳಲ್ಲಿ ಸುಮಾರು 3,200 ಗರ್ಭಿಣಿಯರ ಮೇಲೆ ನಡೆದ ‘ಹ್ಯಾಪಿನ್’ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಗ್ಯಾಸ್ ಒಲೆಯಿಂದ ಹೊಗೆ ಬಹಳಷ್ಟು ಇಳಿಯಿತು, ಶಿಶುವಿನ ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಹೆಂಗಸರು ಅಧ್ಯಯನಕ್ಕೆ ಸೇರಿದ್ದು 9ರಿಂದ 20ನೇ ವಾರದ ನಡುವೆ, ಅಂದರೆ ಬಸಿರಿನ ಮೊದಲ ವಾರಗಳು ಕಳೆದ ಮೇಲೆ. ಆದ್ದರಿಂದ ನೆರವು ತಡವಾಗಬಾರದು; ಬಚ್ಚಲ ಒಲೆಯ ಹೊಗೆ, ಹೊರಗಿನ ದೂಳು ಇರುವಾಗ ಅಡುಗೆಮನೆಗಷ್ಟೇ ನಿಲ್ಲಲೂಬಾರದು.

ಆಶಾ ಕಾರ್ಯಕರ್ತೆ ಬಸುರಿಯ ಹೆಸರನ್ನು ತಾಯಿ ಕಾರ್ಡ್‌ಗೆ ನೋಂದಾಯಿಸುವ ದಿನವೇ ಆ ಮನೆಯ ಅಡುಗೆ ಒಲೆ, ಬಚ್ಚಲ ಒಲೆ ಎರಡನ್ನೂ ವಿಚಾರಿಸಿ ಬರೆದುಕೊಳ್ಳಬೇಕು. ಸೌದೆ ಉರಿಸುವ ಬಡ ಮನೆಗೆ ಹೆರಿಗೆಯಾಗಿ ಆರು ತಿಂಗಳವರೆಗೆ ಸಿಲಿಂಡರ್ ಉಚಿತವಾಗಿ ಸಿಗಬೇಕು, ಇಲ್ಲವೇ ಇಂಡಕ್ಷನ್ ಒಲೆ ಕೊಡಬೇಕು. ಇಲ್ಲೊಂದು ತೊಡಕಿದೆ. ರಾಜ್ಯದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಹಿಂದಿನ ಸರಾಸರಿ ಬಳಕೆಯ ಲೆಕ್ಕದ ಮೇಲೆ ನಿಂತಿದೆ. ಎರಡು ಬಲ್ಬು ಉರಿಸುತ್ತಿದ್ದ ಮನೆ ಕರೆಂಟಿನಲ್ಲಿ ಅಡುಗೆ ಶುರುಮಾಡಿದರೆ ಬಿಲ್ಲು ಬರುತ್ತದೆ. ಗರ್ಭಿಣಿಯರ ಮನೆಗೆ ಆ ಮಿತಿ ಸಡಿಲಿಸುವಂತೆ ಸರ್ಕಾರಕ್ಕೆ ತಾವು ಶಿಫಾರಸು ಮಾಡಬೇಕು.

ಇನ್ನು ಹೊರಗಿನ ಗಾಳಿ. ಕ್ರಷರ್, ಕ್ವಾರಿಗಳಿರುವ ಊರುಗಳಲ್ಲಿ, ಶಿರಾದ ಹೆದ್ದಾರಿ ಬದಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿಯನ್ನು ಅಳೆದು ಫಲಿತಾಂಶವನ್ನು ಪಂಚಾಯಿತಿ ಫಲಕದಲ್ಲಿ ಹಾಕಲಿ. ದೇಶದ ಮಾನದಂಡದಂತೆ 24 ಗಂಟೆಯ ಸರಾಸರಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಘನ ಮೀಟರಿಗೆ 60 ಮೈಕ್ರೊಗ್ರಾಂ ದಾಟಬಾರದು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 15. ದೂಳಿಗೆ ನೀರು ಸಿಂಪಡಿಸದ, ಕಸಕ್ಕೆ ಬೆಂಕಿ ಇಡುವ ಕಡೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 152ನೇ ಕಲಮಿನಡಿ ಸಾರ್ವಜನಿಕ ಉಪದ್ರವ ತೆಗೆಸುವ ಅಧಿಕಾರ ಉಪವಿಭಾಗದ ದಂಡಾಧಿಕಾರಿಯಾದ ತಮಗೇ ಇದೆ.

ನಾಲ್ಕೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿಡಿಪಿಒ), ವಿದ್ಯುತ್ ಕಂಪನಿ ಬೆಸ್ಕಾಂ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳನ್ನು ಒಂದು ತಿಂಗಳೊಳಗೆ ಸಭೆಗೆ ಕರೆದು, ಆಶಾ ಕಾರ್ಯಕರ್ತೆಯರ ಮಾತನ್ನು ಮೊದಲು ಕೇಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ನಾಗರಿಕರು