ಅಮ್ಮನಿಗೆ ಎಂತದೂ ಗೊತ್ತಿರ್ಲಿಲ್ಲ ಅಂತ ಹೇಳ್ಬೇಡಿ

ಮೊನ್ನೆ ಸೀಮಂತದ ಊಟಕ್ಕೆ ಹೋದಾಗ ನಮ್ಮದೇ ಒಂದು ಹುಡುಗಿ ಹೇಳಿದ್ಳು, "ಅಜ್ಜಿಗೆ ಏಳು ಹೆರಿಗೆಯಾ? ಪಾಪ, ಆಗಿನವರಿಗೆ ಎಂತ ಗೊತ್ತುಂಟು!" ಎಲ್ಲರೂ ನಗಾಡಿದ್ರು, ನಾನೂ ನಗಾಡಿದೆ. ಮನೆಗೆ ಬಂದ ಮೇಲೆ ಬೇಜಾರಾಯ್ತು.

ಆ ಅಜ್ಜಿ ಅಂದ್ರೆ ನನ್ನ ಅಮ್ಮ. ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಮಧ್ಯಾಹ್ನ ಗಂಜಿ ಊಟ ಆದ ಮೇಲೆ ನೆರೆಕರೆಯ ನಾಲ್ಕೈದು ಹೆಂಗಸರು ಗೆರಸೆ ಮಡಿಲಲ್ಲಿಟ್ಟು ನಮ್ಮ ಜಗಲಿಯಲ್ಲಿ ಕೂತ್ಕೊಳ್ತಿದ್ರು. ಮಕ್ಕಳು ಹತ್ತಿರ ಹೋದ್ರೆ ಮಾತು ನಿಲ್ತಿತ್ತು. ಸ್ವಲ್ಪ ದೊಡ್ಡವಳಾಗಿ ಎಲೆ ಕತ್ತರಿಸ್ಲಿಕ್ಕೆ ಕೂತಾಗ ನನ್ನ ಕಿವಿಗೂ ಬಿತ್ತು.

ಅವರಿಗೆ ಗೊತ್ತಿತ್ತು. ಮಗು ಮೊಲೆಹಾಲು ಕುಡಿಯುವಷ್ಟು ದಿನ ಬೇಗ ಬಸಿರು ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಬಾಣಂತನಕ್ಕೆ ತವರಿಗೆ ಹೋದವಳನ್ನು ನಾಲ್ಕೈದು ತಿಂಗಳು ಕಳಿಸದೆ ಇಟ್ಕೊಳ್ಳುವುದು ಯಾಕೆ ಅಂತಲೂ ಗೊತ್ತಿತ್ತು. ಹಂಚಿನ ಕಾರ್ಖಾನೆಗೆ ಹೋಗುವ ಒಬ್ಬರು ಹೇಳಿದ್ದು ನೆನಪುಂಟು: "ನೀವು ಮನೇಲಿ ಕೂತು ಹಾಲು ಕೊಡ್ತೀರಿ. ನನ್ನ ಮಗುವಿಗೆ ಅತ್ತೆ ಗಂಜಿನೀರು ಕುಡಿಸ್ತಾರೆ, ನನಗೆ ವರ್ಷಕ್ಕೊಂದು."

ಅದರಲ್ಲಿ ಸತ್ಯ ಉಂಟು. ಮಗುವಿಗೆ ಹಗಲು ರಾತ್ರಿ ಬರೀ ಎದೆಹಾಲೇ ಕೊಡ್ತಾ ಇದ್ದು, ಮುಟ್ಟು ತಿರುಗಿ ಬಾರದಿದ್ರೆ, ಮೊದಲ ಆರು ತಿಂಗಳು ಬಸಿರಾಗುವುದು ತೀರಾ ಕಮ್ಮಿ ಅಂತ ಡಾಕ್ಟರುಗಳೂ ಒಪ್ತಾರೆ. ಮೂರರಲ್ಲಿ ಒಂದು ತಪ್ಪಿದ್ರೂ ನಂಬ್ಲಿಕ್ಕಾಗುವುದಿಲ್ಲ.

ತಪ್ಪೂ ಅಷ್ಟೇ ಇತ್ತು. ಮುಟ್ಟಿನ ಸ್ನಾನ ಆಗಿ ಒಂದು ವಾರ ದೂರ ಇದ್ರೆ ಸಾಕು, ಮತ್ತೆ ಭಯ ಇಲ್ಲ ಅಂತ ಲೆಕ್ಕ. ನಿಜವಾಗಿ ನೋಡಿದ್ರೆ ಹೆಚ್ಚಿನವರಿಗೆ ಬಸಿರು ನಿಲ್ಲುವುದೇ ಆ ನಡುವಿನ ದಿನಗಳಲ್ಲಿ. ತಿಂಗಳು ತಪ್ಪಿದ್ರೆ ಕಾಯಿ ಪಪ್ಪಾಯ, ಕರಿ ಎಳ್ಳು, ಬೆಲ್ಲ. ಲೂಪು ಹಾಕಿಸಿದ್ರೆ ಅದು ಎದೆಗೆ ಹತ್ತುತ್ತದೆ ಅಂತ ಒಬ್ಬರು ಹೇಳಿದ್ರೆ ಎಲ್ಲರೂ ನಂಬಿದ್ರು. ಸರಿ ಯಾವುದು ತಪ್ಪು ಯಾವುದು ಅಂತ ಯಾರನ್ನು ಕೇಳುವುದು? ಗುಟ್ಟಿನಲ್ಲಿ ಹೇಳಿದ್ದನ್ನು ತಿದ್ದುವವರು ಯಾರೂ ಇರುವುದಿಲ್ಲ.

ಘಟ್ಟದ ಮೇಲೆ ಮೈಸೂರು ಸರಕಾರ 1930ರಲ್ಲೇ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕ್ಲಿನಿಕ್ ತೆರೆದಿತ್ತು. ನಾವು ಆಗ ಮದ್ರಾಸಿನವರು. ಆಮೇಲೆ ಕೆಂಪು ತ್ರಿಕೋನ, "ನಾವಿಬ್ಬರು ನಮಗಿಬ್ಬರು" ಎಲ್ಲ ಗೋಡೆ ಮೇಲೆ ಬಂತು. ಗೋಡೆ ಓದ್ಲಿಕ್ಕೆ ಅಮ್ಮನಿಗೆ ಬರ್ತಿರ್ಲಿಲ್ಲ. ಕೊನೆಗೆ ಮನೆಮನೆಗೆ ಬರುವ ನರ್ಸಮ್ಮ ಪಕ್ಕದಲ್ಲಿ ಕೂತು, ಬೀಡಿಗೆ ನೂಲು ಸುತ್ತುತ್ತಾ ವಿವರಿಸಿದ್ರು. ಏಳನೆಯದಾದ ಮೇಲೆ ಅಮ್ಮ ಆಪರೇಶನ್ ಮಾಡಿಸಿಕೊಂಡ್ರು. ಹತ್ತನೇ ದಿನ ಪುನಃ ಗೆರಸೆ ಹಿಡಿದ್ರು.

ಅಪ್ಪ ಯಾಕೆ ಮಾಡಿಸ್ಲಿಲ್ಲ ಅಂತ ಒಮ್ಮೆ ಕೇಳಿದೆ. "ಅವರು ಬಂದರಿನಲ್ಲಿ ಮೂಟೆ ಹೊರುವವರಲ್ವಾ, ಶಕ್ತಿ ಹೋದ್ರೆ? ನಾನು ಕೂತು ಕೆಲಸ ಮಾಡುವವಳು" ಅಂದ್ರು. ಗಂಡಸರ ಆಪರೇಶನ್ನಿಂದ ಶಕ್ತಿ ಹೋಗುವುದಿಲ್ಲ, ಅದು ನಮ್ಮದಕ್ಕಿಂತ ಸಣ್ಣದು, ಅದೇ ದಿನ ಮನೆಗೆ ಬರಬಹುದು. ಆದ್ರೂ 2019–21ರ ಸರಕಾರಿ ಸರ್ವೆ ನೋಡಿ: ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಜನರಿಗೆ ಆಪರೇಶನ್ ಆಗಿದೆ. ಗಂಡಸರ ಲೆಕ್ಕ ಒಂದೂ ಇಲ್ಲ. ಅಮ್ಮನ ಕಾಲದ ಆ ಹೆದರಿಕೆ ಓದಿದವರ ಮನೆಯಲ್ಲೂ ಉಂಟು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಅಮ್ಮಂದಿರನ್ನು ದಡ್ಡರು ಅಂತ ನಗಾಡುವ ಮೊದಲು, ನಾವು ನಮ್ಮ ಮಗಳಿಗೆ, ಸೊಸೆಗೆ ಎಷ್ಟು ಹೇಳಿದ್ದೇವೆ ನೋಡುವ. ಮೊಬೈಲಲ್ಲಿ ಎಲ್ಲ ಸಿಗ್ತದೆ ಅಂತೀರಿ. ಅಲ್ಲಿಯೂ ಪಪ್ಪಾಯವೇ ಸಿಗುವುದು ಮಾರಾಯ್ತಿ! ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಾಪರ್ ಟಿ, ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಎಲ್ಲ ದುಡ್ಡಿಲ್ಲದೆ ಸಿಗ್ತದೆ. ಯಾರಿಗೆ ಯಾವುದು ಆಗ್ತದೆ ಅಂತ ಅಲ್ಲೇ ಕೇಳಬೇಕು. ಮಗನಿಗೂ ಹೇಳ್ಬೇಕು.

ನಾನು ಕಳೆದ ವಾರ ಸೊಸೆಯ ಹತ್ತಿರ ಮಾತಾಡಿದೆ. ನಾಚಿಕೆ ಆಯ್ತು, ಸುಳ್ಳು ಯಾಕೆ ಹೇಳುವುದು. ಅವಳು ಮಾತ್ರ ಕುರ್ಚಿ ಹತ್ತಿರ ಎಳೆದು ಕೂತಳು.