ಪ್ರೊ ಕಬಡ್ಡಿ ಕಾರವಾರಕ್ಕೆ ಓಡಿ ಬರುತ್ತದಂತೆ!

ನಮ್ಮ ಕಡೆ ಕಬಡ್ಡಿ ಮಾತು ಬಂದಲ್ಲೆಲ್ಲ ಯಾರಾದರೊಬ್ಬರು ಈ ಡೈಲಾಗ್ ಹೊಡೆದೇ ಹೊಡೆಯುತ್ತಾರೆ. "ಕಾರವಾರದಲ್ಲಿ ಹತ್ತು ಸಾವಿರ ಜನ ಕೂರುವಂಥ ಇಂಡೋರ್ ಸ್ಟೇಡಿಯಂ ಕಟ್ಟಲಿ ನೋಡಿ, ಪ್ರೊ ಕಬಡ್ಡಿಯವರು ತಾವಾಗೇ ಓಡಿ ಬರ್ತಾರೆ." ಚಹಾ ಅಂಗಡಿಯಲ್ಲಿ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ವಾಟ್ಸಾಪ್‌ನಲ್ಲಂತೂ ಕೇಳಿ ಕೇಳಿ ಸಾಕಾಗಿದೆ. ಹೇಳುವವರಲ್ಲಿ ಹೆಚ್ಚಿನವರು ಕಬಡ್ಡಿಯನ್ನು ನಿಜಕ್ಕೂ ಪ್ರೀತಿಸುವವರೇ. ನನಗೆ ಸಿಟ್ಟು ಬರುವುದೂ ಅದಕ್ಕೇ.

ಓಡಿ ಬರ್ತಾರಾ? ಬೆಂಗಳೂರಿಗೇ ಬರುತ್ತಿಲ್ಲ ಮಾರಾಯ್ರೆ!

ಸ್ವಲ್ಪ ಲೆಕ್ಕ ನೋಡಿ. ಲೀಗ್ ಶುರುವಾದದ್ದು 2014ರಲ್ಲಿ. ಬೆಂಗಳೂರು ಬುಲ್ಸ್ ತಂಡದ ಮನೆ ಕಂಠೀರವ ಒಳಾಂಗಣ ಕ್ರೀಡಾಂಗಣ. ಸುಮಾರು 4,000 ಜನ ಕೂರುವ ಜಾಗ, ಕಬಡ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ 2017ರಲ್ಲಿ ಬುಲ್ಸ್ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ! ಮರುವರ್ಷವೂ ರಾಜ್ಯದ ಹೊರಗೇ. ಅದೇ ಸೀಸನ್ನಿನಲ್ಲಿ, 2019ರ ಜನವರಿಯಲ್ಲಿ, ಪವನ್ ಸೆಹ್ರಾವತ್ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದು ತಂಡ ಕಪ್ ಗೆದ್ದಿತು. ಸ್ವಂತ ಊರಲ್ಲಿ ಒಂದು ಪಂದ್ಯವನ್ನೂ ಆಡದೆ ಚಾಂಪಿಯನ್! ಆಮೇಲೆ ಕೊರೋನಾ ಕಾಲದಲ್ಲಿ 2021-22ರ ಇಡೀ ಸೀಸನ್ ಬೆಂಗಳೂರಿಗೆ ಬಂತು, ಆದರೆ ಆಡಿದ್ದು ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರೇ ಇಲ್ಲದೆ. 2024ರಲ್ಲಿ ಇಡೀ ಲೀಗ್ ಮೂರೇ ಊರಿನಲ್ಲಿ ಮುಗಿಯಿತು: ಹೈದರಾಬಾದ್, ನೋಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರಿಗೆ ಎರಡೂ ಸಲ ಚೊಂಬು.

ಅಂದರೆ ಕಟ್ಟಡ ಇದ್ದರೂ ಆಟ ಬರುವ ಖಾತ್ರಿ ಇಲ್ಲ. ಈ ಲೀಗು ಟೀವಿಗಾಗಿ ಓಡಾಡುವ ಡೇರೆ. ಕ್ಯಾಮೆರಾ, ದೀಪ, ಹನ್ನೆರಡು ತಂಡಗಳಿಗೆ ಹೋಟೆಲು, ಹತ್ತಿರದಲ್ಲೊಂದು ವಿಮಾನ ನಿಲ್ದಾಣ, ಇವೆಲ್ಲ ಒಂದೇ ಕಡೆ ಸಿಗುವಲ್ಲಿ ಬೀಡುಬಿಡುತ್ತದೆ. ನಮ್ಮಲ್ಲಿ ಏನಿದೆ? ಅಲಗೇರಿಯಿಂದ ಇನ್ನೂ ವಿಮಾನ ಹಾರಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲಿನ ಕಥೆ ನಿಮಗೆ ಗೊತ್ತೇ ಇದೆ, ಅಡಿಗಲ್ಲು ಬಿದ್ದು ಎರಡು ದಶಕ ದಾಟಿತು, ಹಳಿ ಮಾತ್ರ ಬೀಳಲಿಲ್ಲ. ಇನ್ನು ಈ ಸ್ಟೇಡಿಯಂ!

"ಮೊದಲು ಕಟ್ಟಿ, ತಂಡ ಆಮೇಲೆ ಬರುತ್ತದೆ" ಎಂಬ ಹುಚ್ಚು ನಮ್ಮೊಬ್ಬರದೇ ಅಲ್ಲ ಬಿಡಿ. ಕೆನಡಾ-ಅಮೆರಿಕದ ಐಸ್ ಹಾಕಿ ಮಂದಿ ಇದರಲ್ಲಿ ಬೇಕಾದಷ್ಟು ದುಡ್ಡು ಸುಟ್ಟುಕೊಂಡಿದ್ದಾರೆ. ಕೆನಡಾದ ಕ್ವಿಬೆಕ್ ಸಿಟಿಯವರು ಸುಮಾರು 37 ಕೋಟಿ ಕೆನಡಾ ಡಾಲರ್ ಸುರಿದು 18,000 ಆಸನಗಳ ಅರಮನೆಯಂಥ ಅಖಾಡ ಕಟ್ಟಿದರು. 2015ರಲ್ಲಿ ಬಾಗಿಲು ತೆರೆಯಿತು. ದೊಡ್ಡ ಲೀಗು ಆಮೇಲೆ ಹೊಸ ತಂಡ ಕೊಟ್ಟದ್ದು ಲಾಸ್ ವೇಗಸ್‌ಗೆ ಮತ್ತು ಸಿಯಾಟಲ್‌ಗೆ. ಕ್ವಿಬೆಕ್ ಇನ್ನೂ ಬಾಗಿಲಲ್ಲೇ ನಿಂತು ದಾರಿ ಕಾಯುತ್ತಿದೆ.

ಅಮೆರಿಕದ ಫೀನಿಕ್ಸ್‌ನದು ಇನ್ನೊಂದು ತಮಾಷೆ. 1996ರಲ್ಲಿ ಅಲ್ಲಿಗೆ ಕೆನಡಾದ ವಿನ್ನಿಪೆಗ್‌ನಿಂದ ಒಂದು ತಂಡ ಬಂತು. ಆಡಲು ಕೊಟ್ಟದ್ದು ಬ್ಯಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಅಖಾಡ. ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್ ಚಿಲ್ಲರೆ, ಐಸ್ ಹಾಕಿಯದು ಸುಮಾರು 61 ಮೀಟರ್. ಚಿಕ್ಕ ಅಂಕಣದ ಸುತ್ತ ಹಾಕಿದ ಗ್ಯಾಲರಿಯಲ್ಲಿ ದೊಡ್ಡ ಅಂಕಣ ತುರುಕಿದರೆ ಏನಾಗುತ್ತದೆ? ಸಾವಿರಾರು ಕುರ್ಚಿಗಳಿಂದ ಒಂದು ಕಡೆಯ ಗೋಲೇ ಪೂರ್ತಿ ಕಾಣುತ್ತಿರಲಿಲ್ಲ! ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ 2015ರಲ್ಲಿ ಇದೇ ಆಟ ಕಟ್ಟಿದರು, ಅಲ್ಲಿ ಸ್ಕೋರ್‌ಬೋರ್ಡೇ ಅಂಕಣದ ನಡುವೆ ಇರಲಿಲ್ಲ. ಫೀನಿಕ್ಸ್ ತಂಡ ಊರಾಚೆಯ ದೊಡ್ಡ ಅಖಾಡಕ್ಕೆ ಹೋಯಿತು, ದಿವಾಳಿ ಎದ್ದಿತು, ಕೊನೆಗೆ ಒಂದು ವಿಶ್ವವಿದ್ಯಾಲಯದ 5,000 ಜನರೂ ಹಿಡಿಯದ ಅಂಕಣದಲ್ಲಿ ಎರಡು ವರ್ಷ ಆಡಿ, 2024ರಲ್ಲಿ ಊರೇ ಬಿಟ್ಟಿತು.

ಇತ್ತ ವಿನ್ನಿಪೆಗ್ ಏನು ಮಾಡಿತು? 2004ರಲ್ಲಿ ಸುಮಾರು 15,000 ಆಸನಗಳ ಅಖಾಡ ತೆರೆದು, ಅದರಲ್ಲಿ ಏಳು ವರ್ಷ ಎರಡನೇ ದರ್ಜೆಯ ತಂಡವನ್ನೇ ಆಡಿಸಿತು. ಜನ ಬರುತ್ತಿದ್ದರು. 2011ರಲ್ಲಿ ಅಟ್ಲಾಂಟಾದಂಥ ಮಹಾನಗರದ ತಂಡ ತಾನೇ ಗಂಟುಮೂಟೆ ಕಟ್ಟಿಕೊಂಡು ವಿನ್ನಿಪೆಗ್‌ಗೆ ಬಂತು! ಕುರ್ಚಿ ಎಷ್ಟು ಅನ್ನುವುದಕ್ಕಿಂತ ಆ ಕುರ್ಚಿಯಲ್ಲಿ ಕೂತು ಆಟ ನೋಡುವ ಮಂದಿ ಇದ್ದಾರಾ, ವರ್ಷವಿಡೀ ಅಲ್ಲಿ ಏನಾದರೂ ಆಡುತ್ತಾರಾ ಅನ್ನುವುದೇ ಲೆಕ್ಕಕ್ಕೆ ಬಂತು.

ಈಗ ಕಬಡ್ಡಿಗೆ ಬನ್ನಿ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೇ. ಹಿಂದಿನ ಕಾಲು ಎತ್ತಿದನೋ ಇಲ್ಲವೋ, ಬೋನಸ್ ಗೆರೆ ದಾಟಿದನೋ ಇಲ್ಲವೋ, ಮೂಲೆಯವನ ಬೆರಳು ತಾಗಿತೋ ಇಲ್ಲವೋ... ಆಟದ ಜೀವವೇ ಈ ಒಂದೆರಡು ಇಂಚಿನಲ್ಲಿದೆ. ಹತ್ತು ಸಾವಿರದ ಸ್ಟೇಡಿಯಂನ ಕೊನೇ ಸಾಲಿನಲ್ಲಿ ಕೂತವನಿಗೆ ಕಾಣುವುದು ಹದಿನಾಲ್ಕು ಚುಕ್ಕಿಗಳು ಮಾತ್ರ. ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಕಾರವಾರದ ಮಾಲಾದೇವಿ ಮೈದಾನದಲ್ಲೋ ಹಗ್ಗದ ಪಕ್ಕ ನಿಂತು ನೋಡಿ, ರೇಡರ್‌ನ ಉಸಿರೇ ಕೇಳುತ್ತದೆ. ಕಬಡ್ಡಿ ಪ್ರೇಕ್ಷಕ ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ.

ಹಾಗಾದರೆ ಕೊರತೆ ಯಾವುದು? ಮಾಡು! ತಲೆಯ ಮೇಲೊಂದು ಮಾಡು, ಕಾಲ ಕೆಳಗೊಂದು ಮ್ಯಾಟು. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರುಗದ್ದೆ. ಉಳಿದ ಎಂಟು ತಿಂಗಳು ಹುಡುಗರು ಆಡುವುದು ಬರಿಗಾಲಲ್ಲಿ, ಮಣ್ಣಿನ ಮೇಲೆ. ಆಮೇಲೆ ಆಯ್ಕೆಗೆ ಹೋದರೆ ಅಲ್ಲಿ ಮ್ಯಾಟು, ಕಾಲಿಗೆ ಶೂ. ತಿರುಗುವ ಲಯವೇ ಬೇರೆ. ಮೊದಲ ಹತ್ತು ನಿಮಿಷದಲ್ಲಿ ಜಾರಿದವನ ಹೆಸರಿನ ಮುಂದೆ ಅಡ್ಡ ಗೆರೆ. ಪ್ರಶಾಂತ್ ರೈ, ಸುಕೇಶ್ ಹೆಗ್ಡೆ ಅವರೆಲ್ಲ ಕರಾವಳಿಯಿಂದಲೇ ಲೀಗಿಗೆ ಹೋದವರು. ನಮ್ಮ ಅವರ್ಸಾ, ಅಮದಳ್ಳಿ, ಬೇಲೇಕೇರಿ, ಮಾಜಾಳಿಯ ಹುಡುಗರಿಗೆ ಉಸಿರು ಕಮ್ಮಿಯೇ? ಮ್ಯಾಟು ಕಮ್ಮಿ.

ನನ್ನ ಬೇಡಿಕೆ ಇಷ್ಟೇ. ಎರಡು ಮ್ಯಾಟು ಹಾಸುವಷ್ಟು ದೊಡ್ಡ ಹಾಲು, ಮೂರು ಬದಿಗೆ ಸಿಮೆಂಟಿನ ಮೆಟ್ಟಿಲು, ಒಂದೂವರೆ ಎರಡು ಸಾವಿರ ಜನ ಕೂತರೆ ಸಾಕು. ಸಿಮೆಂಟೇ ಯಾಕೆ ಅಂದರೆ, ತಾತ್ಕಾಲಿಕ ಗ್ಯಾಲರಿಯ ಕಥೆ 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ನೋಡಿದ್ದೇವೆ. ಜೂನಿಯರ್ ರಾಷ್ಟ್ರೀಯ ಕಬಡ್ಡಿಯ ಹೊತ್ತಿಗೆ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನಾಲ್ಕೂ ಕಡೆ ಗಾಳಿ ಆಡಬೇಕು, ಇಲ್ಲದಿದ್ದರೆ ನಮ್ಮ ಸೆಕೆಗೆ ಮ್ಯಾಟಿನ ಮೇಲೆ ಬೆವರು ನಿಂತು ಎಲ್ಲರೂ ಜಾರುವುದೇ. ಮಾಡಿಗೆ ಅಗ್ಗದ ತಗಡು ಹಾಕಿದರೆ ಉಪ್ಪುಗಾಳಿ ತಿಂದು ಹಾಕುತ್ತದೆ, ಅದನ್ನು ಟೆಂಡರ್ ಬರೆಯುವ ಸಾಹೇಬರು ಸಮುದ್ರ ನೋಡಿಕೊಂಡು ಬರೆಯಲಿ.

ಎಲ್ಲಿ? ಕಾರವಾರದವರು ಬೈದರೂ ಚಿಂತಿಲ್ಲ, ನಾನು ಅಂಕೋಲಾ ಅನ್ನುತ್ತೇನೆ :-) ಗೋವಾ-ಮಂಗಳೂರು ಹೆದ್ದಾರಿಗೆ ಹುಬ್ಬಳ್ಳಿ ರಸ್ತೆ ಬಂದು ಸೇರುವುದು ಇಲ್ಲೇ. ಯಲ್ಲಾಪುರದ ತಂಡವೂ ಕುಮಟೆಯ ತಂಡವೂ ಆಡಿ ರಾತ್ರಿ ಮನೆ ಸೇರಬಹುದು. ಜಿಲ್ಲಾ ಕೇಂದ್ರ ಅನ್ನುವ ಒಂದೇ ಕಾರಣಕ್ಕೆ ಎಲ್ಲವೂ ಕಾರವಾರಕ್ಕೆ ಯಾಕೆ?

"ಜಿಲ್ಲೆಗೆ ಒಂದು ಒಳ್ಳೇ ಆಸ್ಪತ್ರೆ ಇಲ್ಲ, ಇವನಿಗೆ ಕಬಡ್ಡಿ" ಅಂತ ಬೈಯುವವರೂ ಇದ್ದಾರೆ. ಬೈಯಲಿ, ಅವರದು ನ್ಯಾಯವಾದ ಸಿಟ್ಟು. 2022ರಲ್ಲಿ ಆಸ್ಪತ್ರೆಗಾಗಿ ಇಡೀ ಜಿಲ್ಲೆ ಎದ್ದು ಕೂಗಿದ್ದು ಸುಮ್ಮನೆ ಅಲ್ಲ. ಆದರೆ ಆಸ್ಪತ್ರೆಯ ದುಡ್ಡಿಗೆ ಕೈ ಹಾಕುವುದು ಆ ಹತ್ತು ಸಾವಿರದ ಸ್ಟೇಡಿಯಂ. ನಾನು ಕೇಳುತ್ತಿರುವುದು ಅದರ ಪಾರ್ಕಿಂಗ್ ಜಾಗದ ಖರ್ಚಿನಲ್ಲಿ ಆಗುವಂಥದ್ದು.

ಕೊನೆಗೆ ಬೀಗದ ಕೈ ವಿಷಯ. ಹಾಲು ಕಟ್ಟಿದ ಮೇಲೆ ಅದು ಮದುವೆಗೆ, ಸೀರೆ ಮೇಳಕ್ಕೆ, ಇಲಾಖೆಯ ಸಭೆಗೆ ಬಾಡಿಗೆಗೆ ಹೋಗುತ್ತಾ ಹುಡುಗರು ಹೊರಗೆ ನಿಲ್ಲುವುದಾದರೆ ಕಟ್ಟುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ನಾಲ್ಕರಿಂದ ಎಂಟು ಕಬಡ್ಡಿಗೆ ಮಾತ್ರ ಅಂತ ಗೋಡೆ ಮೇಲೆ ಬಣ್ಣದಲ್ಲಿ ಬರೆಸಲಿ. ಮನವಿಪತ್ರ ಹಿಡಿದುಕೊಂಡು ಬರುವವರು 'ಅಂತಾರಾಷ್ಟ್ರೀಯ ಮಟ್ಟದ, ಹತ್ತು ಸಾವಿರ ಆಸನದ' ಅನ್ನುವ ಸಾಲು ಹೊಡೆದು 'ಎರಡು ಮ್ಯಾಟು, ಸೋರದ ಮಾಡು' ಅಂತ ತಿದ್ದಿಕೊಂಡು ಬನ್ನಿ. ಮೊದಲ ಸಹಿ ನನ್ನದು.